ಕೆಸರಿನ ಸಾಕ್ಷ್ಯ



ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ನಮ್ಮ ಮೂಡಿಗೆರೆ, ಕಳಸದ ಕಾಫಿತೋಟಗಳು ಬೆಳ್ಳಗೆ ಅರಳುವುದನ್ನು ನೀವೆಲ್ಲ ಬಲ್ಲಿರಿ. ಆ ಪರಿಮಳವನ್ನು ಸವಿಯುತ್ತೇವೆ. ಹೂವಿನಿಂದ ಉದುರುವ ಪರಾಗವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅಂತಹ ಪರಾಗವೇ ನನ್ನ ತಪ್ಪೊಂದನ್ನು ನನಗೆ ತೋರಿಸಿಕೊಟ್ಟಿತು.

ಹಲವು ವರ್ಷಗಳ ಹಿಂದೆ ಕಳಸದ ಕಡೆಯ ಧರ್ಮಕೇಂದ್ರವೊಂದರಲ್ಲಿದ್ದಾಗ, ವನಮಹೋತ್ಸವಕ್ಕೆಂದು ಯುವಜನರನ್ನು ಕರೆದುಕೊಂಡು ಹುಲ್ಲಿನ ಗುಡ್ಡವೊಂದನ್ನು ಹತ್ತಿದೆ. "ಬೋಳುಗುಡ್ಡಕ್ಕೆ ಹಸಿರು ಹೊದಿಸೋಣ" ಎಂದೆ. ಅಕೇಶಿಯಾ ಸಸಿಗಳನ್ನು ನೆಟ್ಟೆವು. ತೋಟದ ಕೆಲಸದ ಹಿರಿಯರೊಬ್ಬರು, "ಅಲ್ಲಿ ನಮ್ಮಜ್ಜನ ಕಾಲದಿಂದ್ಲೂ ಹುಲ್ಲೇ ಇರೋದು ಫಾದರ್, ದನ ಮೇಯೋ ಜಾಗ" ಎಂದರು. ಅಜ್ಜನಿಗಿಂತ ಮೊದಲು ಅಲ್ಲಿ ಕಾಡಿತ್ತು, ಮನುಷ್ಯರು ಕಡಿದರು ಎಂದು ನಾನು ಅವರಿಗೇ ಪಾಠ ಹೇಳಿದೆ.

ಪರಾಗದ ವಿಷಯವನ್ನು ಓದಿದ್ದು ಆಮೇಲೆ. ಪರಾಗದ ಕಣವು ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟು ಸಣ್ಣದು. ಅದರ ಹೊರಕವಚವಾದರೋ ಆಮ್ಲಕ್ಕೂ ಕರಗದಷ್ಟು ಗಟ್ಟಿ. ಗಾಳಿಯಾಡದ ಜವುಗಿನ ಕೆಸರಿನಲ್ಲಿ ಅದು ಸಾವಿರಾರು ವರ್ಷ ಉಳಿಯುತ್ತದೆ. ವಿಜ್ಞಾನಿಗಳು ಕೊಳವೆಯಿಳಿಸಿ ಆ ಕೆಸರನ್ನು ಪದರ ಕೆಡದಂತೆ ತೆಗೆದು, ಪದರಗಳ ವಯಸ್ಸನ್ನು ಅಳೆದು, ಸೂಕ್ಷ್ಮದರ್ಶಕದಡಿ ಕಣಗಳನ್ನು ಎಣಿಸುತ್ತಾರೆ. ದುಂಡಗೆ, ಒಂದೇ ರಂಧ್ರವಿದ್ದರೆ ಅದು ಹುಲ್ಲಿನ ಜಾತಿಯದು. 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಈ ಎಣಿಕೆಯಿಂದ ಹಿಂದಿನ ಕಾಡುಗಳ ಚಿತ್ರವನ್ನು ಬಿಡಿಸಿ ತೋರಿಸಿದರು.

ಕಾರವಾರದಾಚೆಯ ಕಡಲ ತಳದ ಕೆಸರಿನಲ್ಲಿಯೂ ಘಟ್ಟದಿಂದ ಬಂದ ಪರಾಗವಿದೆ. 1994ರಲ್ಲಿ ಪ್ರಕಟವಾದ ಅದರ ಅಧ್ಯಯನದಂತೆ, ಸುಮಾರು 3,500 ವರ್ಷಗಳ ಹಿಂದಿನಿಂದ ಇಲ್ಲಿನ ಹವೆ ಒಣಗತೊಡಗಿ ಕಾಡಿನ ಪರಾಗ ಕಡಿಮೆಯಾಯಿತು. ಕಾಡು ಹಿಂದೆ ಸರಿಯಲು ಕೊಡಲಿಯೊಂದೇ ಕಾರಣವಲ್ಲ. ನೀಲಗಿರಿಯ ಜವುಗು ಮಣ್ಣಿನಲ್ಲಿ ಪರಾಗದ ಜತೆಗೆ ಇಂಗಾಲವೂ ಸಾಕ್ಷಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಆ ಇಂಗಾಲವನ್ನು ಪರಿಶೀಲಿಸಿ, ಸುಮಾರು 20,000 ವರ್ಷಗಳ ಹಿಂದೆಯೇ, ಒಣಹವೆಯ ಕಾಲದಲ್ಲಿ, ಅಲ್ಲಿ ಹುಲ್ಲು ಮೇಲುಗೈಯಾಗಿತ್ತೆಂದು ತೋರಿಸಿದರು. ಅಂದರೆ ನೇಗಿಲು ಬರುವುದಕ್ಕೂ ಮೊದಲೇ ಅಲ್ಲಿ ಹುಲ್ಲುಗಾವಲಿತ್ತು. ಸಂದುಗಳಲ್ಲಿ ಶೋಲಾ ಕಾಡು, ನೆತ್ತಿಯ ಮೇಲೆ ಹುಲ್ಲು; ಮುಳ್ಳಯ್ಯನಗಿರಿಯಲ್ಲೂ ಕುದುರೆಮುಖದಲ್ಲೂ ನಾವು ಕಾಣುವುದು ಇದನ್ನೇ ಅಲ್ಲವೇ?

ನೀಲಗಿರಿಯ ಮಾತನ್ನು ಕಳಸದ ಪ್ರತಿಯೊಂದು ಗುಡ್ಡಕ್ಕೂ ಹಾಗೆಯೇ ಅನ್ವಯಿಸಲಾಗದು, ನಿಜ. ಕಡಿದು ಬೋಳಾದ ಗುಡ್ಡಗಳೂ ಇವೆ. ಆದರೆ ನಾನು ಯಾವುದನ್ನೂ ವಿಚಾರಿಸಿರಲಿಲ್ಲ. ಮರವಿಲ್ಲದ್ದೆಲ್ಲ ಬಂಜರು ಎಂದು ತೀರ್ಪಿತ್ತುಬಿಟ್ಟಿದ್ದೆ. ನನ್ನ ಸದುದ್ದೇಶವೇ ನನ್ನ ಕಣ್ಣು ಕಟ್ಟಿತ್ತು.

ಈಚೆಗೆ ಆ ಗುಡ್ಡಕ್ಕೆ ಹೋಗಿದ್ದೆ. ಅಕೇಶಿಯಾ ಎತ್ತರಕ್ಕೆ ಬೆಳೆದಿದೆ. ಅಡಿಯಲ್ಲಿ ತರಗೆಲೆಯ ಹಾಸು. ಹುಲ್ಲಿಲ್ಲ, ದನಗಳೂ ಇಲ್ಲ. ಕ್ಷಮೆ ಕೇಳೋಣವೆಂದರೆ ಆ ಹಿರಿಯರೂ ಈಗಿಲ್ಲ.

ಮುಂದಿನ ಮಳೆಗಾಲದಲ್ಲಿ ನಿಮ್ಮ ಮಕ್ಕಳು ಸಸಿ ಹಿಡಿದು ಹೊರಟಾಗ ತಡೆಯಬೇಡಿ. ಆದರೆ ಗುಂಡಿ ತೋಡುವ ಮೊದಲು ಅಲ್ಲಿ ಏನಿತ್ತೆಂದು ಊರಿನ ಹಿರಿಯರೊಬ್ಬರನ್ನು ಕೇಳಿ ಬರಲು ಹೇಳಿ.