ಚಿತ್ರಕ್ಕೆ ಧ್ವನಿ ಕೂಡಿಸಿದುದು

ನಮ್ಮ ಅಕ್ಕನ ವಿವಾಹವು 1996ರ ಬೇಸಗೆಯಲ್ಲಿ, ಮನೆಯಂಗಳದ ಚಪ್ಪರದಲ್ಲಿಯೇ ನಡೆಯಿತು. ಅದರ ವೀಡಿಯೋ ಕ್ಯಾಸೆಟ್ಟನ್ನು ಸಿದ್ಧಪಡಿಸಿದವರು, ಆ ಕಾಲದ ರೂಢಿಯಂತೆ, ಸಹಜವಾದ ಧ್ವನಿಯನ್ನೆಲ್ಲ ತೆಗೆದು ಸಿನಿಮಾ ಹಾಡುಗಳನ್ನು ತುಂಬಿದ್ದರು. ಅಮ್ಮ ಹೆಣ್ಣೊಪ್ಪಿಸುವ ಹಾಡು ಹೇಳುತ್ತಿರುವುದು ಕಣ್ಣಿಗೆ ಕಾಣುವುದು. ಕಿವಿಗೆ ಬೀಳುವುದು ಯಾರದೋ ಪ್ರಣಯಗೀತೆ. ನಡುವೆ ಒಮ್ಮೆ ಅಮ್ಮ ಸೆರಗನ್ನು ಮುಖಕ್ಕೊತ್ತಿಕೊಳ್ಳುವಳು. ಬಿಸಿಲಿನ ದಿನ, ಬೆವರು ಒರಸಿಕೊಂಡಳೆಂದೇ ನಾವೆಲ್ಲ ತಿಳಿದಿದ್ದೆವು.

ಅಮ್ಮ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಸೋದರಮಾವನ ಹಳೆಯ ಪೆಟ್ಟಿಗೆಯಲ್ಲಿ ಒಂದು ಆಡಿಯೋ ಕ್ಯಾಸೆಟ್ಟು ದೊರೆಯಿತು. ಮದುವೆಯ ದಿನ ಅವರು ಚಪ್ಪರದ ಕಂಬದ ಬಳಿ ಟೇಪ್ ರೆಕಾರ್ಡರನ್ನು ಇಟ್ಟಿದ್ದರಂತೆ. ಆ ಧ್ವನಿಯನ್ನು ಈ ಚಿತ್ರಕ್ಕೆ ಕೂಡಿಸಿ ಅಕ್ಕನಿಗೊಂದು ಡಿವಿಡಿ ಮಾಡಿಕೊಡಬೇಕೆಂದು ಹೊರಟೆನು.

ಡಿವಿಡಿಯಲ್ಲಿ ಚಿತ್ರವೂ ಧ್ವನಿಯೂ ಜಡೆಯಂತೆ ಹೆಣೆದುಕೊಂಡಿದ್ದರೂ ಎಳೆಗಳು ಬೇರೆ ಬೇರೆ. ಒಂದನ್ನು ಬಿಡಿಸಿ ಇನ್ನೊಂದನ್ನು ಹೆಣೆಯಬಹುದು. ನಮ್ಮ ದೇಶದ ಪಾಲ್ ಕ್ರಮದಲ್ಲಿ ಸೆಕೆಂಡಿಗೆ 25 ಚಿತ್ರಗಳು. ಧ್ವನಿಯನ್ನು ಸೆಕೆಂಡಿಗೆ 48,000 ಮಾದರಿಗಳಾಗಿ ಅಳೆದಿಡಬೇಕು. ಸಂಗೀತದ ಸಿಡಿಯ 44,100 ಇಲ್ಲಿ ಸಲ್ಲದು. ಇಷ್ಟನ್ನು ಗಣಕಯಂತ್ರವೇ ಮಾಡಿತು. ಆದರೆ ಹಾಡು ಆರಂಭದಲ್ಲಿ ತುಟಿಗೆ ಹೊಂದಿದ್ದರೂ ಬರಬರುತ್ತ ಹಿಂದೆ ಬಿದ್ದಿತು.

ಕಾರಣವನ್ನು ಹುಡುಕಲು ಎರಡು ಗುರುತುಗಳು ನೆರವಾದುವು. ಮೊದಲಲ್ಲಿ ಮಗುವೊಂದರ ಕೈಯಿಂದ ತಂಬಿಗೆ ಬೀಳುವುದು. ಕೊನೆಯಲ್ಲಿ ತೆಂಗಿನಕಾಯಿ ಒಡೆಯುವುದು. ಎರಡೂ ಕಾಣುವುವು, ಎರಡೂ ಕೇಳುವುವು. ಚಿತ್ರದಲ್ಲಿ ಇವುಗಳ ನಡುವೆ 1,200 ಸೆಕೆಂಡು, ಕ್ಯಾಸೆಟ್ಟಿನಲ್ಲಿ 1,236. ಧ್ವನಿಮುದ್ರಿಸಿದ ಯಂತ್ರಕ್ಕಿಂತ ನನ್ನ ಯಂತ್ರವು ನಿಧಾನವಾಗಿ ಓಡುತ್ತಿದ್ದಿತು. ಆದುದರಿಂದಲೇ ಅಮ್ಮನ ಕಂಠವೂ ಕೊಂಚ ಭಾರವಾಗಿ ಕೇಳುತ್ತಿದ್ದಿತು. ವೇಗವನ್ನು ನೂರಕ್ಕೆ ಮೂರರಷ್ಟು ಹೆಚ್ಚಿಸಿದೆನು. ಕಾಲದೊಡನೆ ಶ್ರುತಿಯೂ ಸರಿಹೋಯಿತು. ನಾನು ಬಲ್ಲ ಧ್ವನಿ ಮರಳಿತು.

ಒಂದು ಲೋಪ ಮಾತ್ರ ಉಳಿದಿತ್ತು. ನಡುವೆ ಏಳು ಸೆಕೆಂಡು ಹಾಡೇ ಇಲ್ಲ. ಟೇಪು ಕೆಟ್ಟಿರಬೇಕೆಂದು ಬಗೆದು ಆ ಭಾಗವನ್ನು ಕತ್ತರಿಸಿದೆನು. ಕೂಡಲೇ ಮುಂದಿನದೆಲ್ಲ ತಪ್ಪಿತು. ಅಮ್ಮನ ತುಟಿ ಚಲಿಸುವ ಮೊದಲೇ ಹಾಡು ಹೊರಡತೊಡಗಿತು. ಕತ್ತರಿಸಿದುದನ್ನು ಮರಳಿ ಸೇರಿಸಿ ನೋಡಿದೆನು. ಆ ಏಳು ಸೆಕೆಂಡುಗಳಲ್ಲಿಯೇ ಅಮ್ಮ ಸೆರಗನ್ನು ಮುಖಕ್ಕೊತ್ತಿಕೊಂಡಿದ್ದಳು.

ಒಂದು ಡಿವಿಡಿಯಲ್ಲಿ ಎಂಟು ಧ್ವನಿಗಳವರೆಗೆ ಇರಿಸಬಹುದಾದುದರಿಂದ ಸಿನಿಮಾ ಹಾಡುಗಳನ್ನೂ ಎರಡನೆಯದಾಗಿ ಉಳಿಸಿದೆನು. ಅಕ್ಕನ ಮಕ್ಕಳು ಅದನ್ನೇ ಕೇಳಿ ಬೆಳೆದವರು. ಅಕ್ಕ ಮೊದಲನೆಯದನ್ನೇ ಹಾಕಿಸಿದಳು. ಹಾಡು ನಿಂತಾಗ ನಮ್ಮ ಕೋಣೆಯೂ ನಿಶ್ಶಬ್ದವಾಯಿತು.

"ಬೆವರಲ್ಲವೋ ಅದು," ಎಂದಳು ಅಕ್ಕ.

ಅಷ್ಟರಲ್ಲಿ ಅಮ್ಮ ಮುಂದಿನ ನುಡಿಯನ್ನು ಎತ್ತಿಕೊಂಡಳು.