ಫ್ರೇಜರ್ ಟೌನಿನ ಮೂರನೇ ಮಹಡಿಯಲ್ಲಿ ತಾಂಬಾದ ಅಮ್ಮಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವ ನಿಮಗಿದೆಯೇ? ಇದ್ದರೆ ನಾನು ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತೇ ಇರುತ್ತದೆ. ಇಲ್ಲವಾದರೆ, ನಾಳೆ ನಿಮ್ಮ ಮಗನೋ ಅಳಿಯನೋ ನೌಕರಿಗೆಂದು ಅಲ್ಲಿಗೆ ಹೋದಾಗ ಉಪಯೋಗಕ್ಕೆ ಬಂದೀತು.

ನಮ್ಮದು ಇಂಡಿ ತಾಲೂಕಿನ ತಾಂಬಾ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಹಿತ್ತಲಲ್ಲಿ ಎರಡು ನಿಂಬೆ ಗಿಡ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅಬ್ಬಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಮ್ಮಿ ಒಬ್ಬರೇ. ನಾನು ವಿಜಯಪುರದಲ್ಲಿ ಶಿಕ್ಷಕಿ. ತಮ್ಮ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾನೆ. ಅವನು ಹೊಸ ಫ್ಲ್ಯಾಟಿಗೆ ಹೋಗುವಾಗ ಅಮ್ಮಿಯನ್ನೂ ಕರೆಸಿಕೊಂಡ. ಬೇಸಿಗೆ ರಜೆಯಲ್ಲಿ ಅವರನ್ನು ಕರೆದುಕೊಂಡು ಹೋದವಳು ನಾನು. 500 ಕಿ.ಮೀ.ಗೂ ಮಿಕ್ಕಿದ ರಾತ್ರಿ ಪ್ರಯಾಣ, ಜೊತೆಗೆ ಎರಡು ಚೀಲ ಜೋಳದ ಹಿಟ್ಟು.

ಮನೆ ಸಿಕ್ಕಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ತಮ್ಮ ಮೊದಲು ಆಫೀಸಿನ ಹತ್ತಿರವೇ ಹುಡುಕಿದ್ದ. ಫೋನಿನಲ್ಲಿ 'ಬಂದು ನೋಡಿ' ಎಂದವರು ಹೆಸರು ಕೇಳಿದ ಮೇಲೆ 'ಈಗಷ್ಟೇ ಬೇರೆಯವರಿಗೆ ಕೊಟ್ಟಾಯಿತು' ಎಂದರು. ಒಬ್ಬರಲ್ಲ, ನಾಲ್ವರು. ಕೊನೆಗೆ ಫ್ರೇಜರ್ ಟೌನಿನಲ್ಲಿ ಎರಡು ಕೋಣೆಯ ಫ್ಲ್ಯಾಟು ಸಿಕ್ಕಿತು. ಬಾಡಿಗೆ ಕೇಳಿದಾಗ ಅಮ್ಮಿ ಅದು ವರ್ಷದ್ದೆಂದು ತಿಳಿದರು. ಮುಂಗಡವೋ, ಹತ್ತು ತಿಂಗಳ ಬಾಡಿಗೆ! ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಅಳವಡಿಸಿಕೊಂಡರಷ್ಟೇ ಜಾರಿಗೆ ಬರುವಂಥದ್ದು. ಬೆಂಗಳೂರಿನ ಮನೆ ಮಾಲೀಕರ ಲೆಕ್ಕವೇ ಬೇರೆ.

ಈ ಬಡಾವಣೆಯ ಚರಿತ್ರೆ ಸ್ವಾರಸ್ಯವಾಗಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು. ಆ ಬಳಿಕ ಗಾಳಿ ಬೆಳಕು ಚೆನ್ನಾಗಿರುವ, ಅಗಲ ರಸ್ತೆಗಳ ಹೊಸ ಬಡಾವಣೆಗಳು ಹುಟ್ಟಿದವು. ದಂಡು ಪ್ರದೇಶದ ಕಡೆ ಹುಟ್ಟಿದ್ದು ಇದು. ಮುಮ್ಮಡಿಯವರಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದ ಸ್ಟುವರ್ಟ್ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು ಅದಕ್ಕೆ ಬಂತು. ಈಗಿನ ಅಧಿಕೃತ ಹೆಸರು ಪುಲಕೇಶಿನಗರ. ಪುಲಕೇಶಿ ಯಾರು? ಬಾದಾಮಿಯ ಚಾಲುಕ್ಯ ದೊರೆ. 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಬಾದಾಮಿ ನಮ್ಮದೇ ಜಿಲ್ಲೆಯಲ್ಲಿತ್ತು. 'ಹಾಗಾದರೆ ನಮ್ಮ ಕಡೆಯವರು ನಮಗಿಂತ ಮೊದಲೇ ಬಂದಿದ್ದಾರೆ' ಎಂದರು ಅಮ್ಮಿ.

ಮಾಸ್ಕ್ ರೋಡಿನಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿನ ಮಸೀದಿಯಿದೆ. ಕಚ್ಛಿ ಮೆಮನ್ ಸಮುದಾಯದ ಈ ವ್ಯಾಪಾರಿಯ ಹೆಸರಿನಲ್ಲೇ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಇದೆ. ಗೋಷಾ ಎಂದರೆ ಪರ್ದಾ. ಗಂಡು ವೈದ್ಯರ ಮುಂದೆ ಹೋಗಲು ಹಿಂಜರಿದು ಹೆರಿಗೆಯಲ್ಲಿ ಹೆಂಗಸರು ಪ್ರಾಣ ಬಿಡುತ್ತಿದ್ದ ಕಾಲದಲ್ಲಿ ಇಂಥದೊಂದು ಆಸ್ಪತ್ರೆಯ ಅಗತ್ಯವನ್ನು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಅದೇ ಮಾಸ್ಕ್ ರೋಡಿನಲ್ಲಿ, 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯೂ ಇದೆ. ಮಕ್ಕಳಿಗೆ ಅದೇ ಹೆಚ್ಚು ನೆನಪು!

ಇನ್ನು ಫ್ಲ್ಯಾಟಿನ ಒಳಗಿನ ಮಾತು. ಮೊದಲ ದಿನವೇ ಕಿಬ್ಲಾ ಗೊತ್ತು ಮಾಡಿಕೊಂಡೆವು. ಬೆಂಗಳೂರಿನಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿಕೊಂಡು. ಕಟ್ಟಡಗಳು ಓರೆಯಾಗಿರುವುದರಿಂದ ಗೋಡೆಯನ್ನು ನಂಬಬೇಡಿ, ದಿಕ್ಸೂಚಿ ನೋಡಿ. ಕಸದ ವಿಷಯ ಕಲಿಯಲು ಅಮ್ಮಿಗೆ ವಾರ ಹಿಡಿಯಿತು. ಹಸಿ ಕಸ ಬೇರೆ, ಒಣ ಕಸ ಬೇರೆ. ಮಕ್ಕಳ ಡೈಪರ್, ಹೆಂಗಸರ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಇನ್ನೂ ಬೇರೆ ಇಡಬೇಕು. 'ಊರಲ್ಲಿ ಹಸಿದೆಲ್ಲ ಎಮ್ಮೆಗೆ, ಒಣಗಿದ್ದೆಲ್ಲ ಒಲೆಗೆ. ನಾವೂ ಬೇರೆ ಮಾಡುತ್ತಿದ್ದೆವಲ್ಲ' ಎಂಬುದು ಅವರ ವಾದ. ನಿಜವೇ.

ನೀರಿನ ಕುರಿತು ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು. ನಲ್ಲಿ ತಿರುಗಿಸಿದರೆ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪು ಮಾಡಿ ಮೇಲೆತ್ತಿದ ನೀರು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರದ ಶ್ರೀಮಂತ ಅಪಾರ್ಟ್‌ಮೆಂಟುಗಳವರೂ ಟ್ಯಾಂಕರ್ ಕಾದರು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಬರದ ನಾಡಿನ ನಮಗೆ ಇದರ ಬೆಲೆ ಗೊತ್ತು. ವಿಜಯಪುರದಲ್ಲಿ ಆದಿಲ್ ಶಾಹಿಗಳು ತೊರವಿಯಿಂದಲೂ, 1651ರ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ, ನೋಡುವವರಿಲ್ಲ. ಅಮ್ಮಿ ತರಕಾರಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ಬಾಲ್ಕನಿಯ ಕುಂಡಗಳಿಗೆ ಹಾಕುತ್ತಾರೆ. ಸೊಸೆ ಮೊದಲು ನಕ್ಕಳು, ಈಗ ಅವಳೂ ಹಾಗೆಯೇ ಮಾಡುತ್ತಾಳೆ.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ವೃದ್ಧೆ, ತಮಿಳು ಮಾತಾಡುವ ಕ್ರೈಸ್ತರು. 'ದಿನಾ ಬೆಳಿಗ್ಗೆ ಅದೇನು ಶಬ್ದ? ತಲೆ ಮೇಲೆ ಬಡಿದ ಹಾಗೆ ಆಗುತ್ತೆ' ಎಂದರು. ಅಮ್ಮಿ ಫಜ್ರ್ ಆದ ಮೇಲೆ ನೆಲದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು! ತಾಂಬಾದಲ್ಲಿ ಆ ಸದ್ದು ಕೇಳದಿದ್ದರೆ 'ಇವತ್ತು ಮನೆಯಲ್ಲಿ ಹುಷಾರಿಲ್ಲವೇ' ಎಂದು ನೆರೆಯವರು ಬಂದು ವಿಚಾರಿಸುತ್ತಾರೆ. ಸೊಸೆಯ ಮುಖ ಬಾಡಿತು. ಅಮ್ಮಿ ಮಾತ್ರ 'ಒಳಗ ಬರ್ರೀ ಅಕ್ಕಾರ' ಎಂದು ಕರೆದು, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಬೆಣ್ಣೆ ಇಟ್ಟು ಕೊಟ್ಟರು. ಮರುದಿನದಿಂದ ರೊಟ್ಟಿ ಹಲಗೆಯ ಕೆಳಗೆ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿದರು, ಏಳು ಗಂಟೆಯ ನಂತರವೇ ಬಡಿದರು. ದಂಡಿನ ಹಳೆಯ ಜನಕ್ಕೆ ದಖ್ಖನಿ ಅಲ್ಪಸ್ವಲ್ಪ ಬರುತ್ತದೆ. ಈಗ ಸಂಜೆ ಇಬ್ಬರೂ ಕೋಲ್ಸ್ ಪಾರ್ಕಿಗೆ ಜೊತೆಯಾಗಿ ಹೋಗುತ್ತಾರೆ.

ಮೂರನೇ ವಾರದಲ್ಲಿ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದ. ಬಾಡಿಗೆ ಕಟ್ಟಿ ಸಾಕಾಗಿದೆ, ಊರಿನ ಮನೆ ಮಾರಿ ನಗರದ ಅಂಚಿನಲ್ಲಾದರೂ ಸ್ವಂತ ಫ್ಲ್ಯಾಟಿಗೆ ಮುಂಗಡ ಕೊಡೋಣ ಎಂದ. ಬಡ್ಡಿ ಸಾಲ ಆದಷ್ಟು ಕಡಿಮೆ ಮಾಡಬೇಕೆಂಬುದು ಅವನ ಕಾಳಜಿ. ಅದನ್ನು ಹಗುರವಾಗಿ ಕಾಣಲಾರೆ. ಹಾಗೆಂದು ಲೆಕ್ಕ ಬಿಡುವಂತಿಲ್ಲ. ಸೋದರಿಯರೇ, ಈ ಲೆಕ್ಕ ನಿಮಗೂ ಗೊತ್ತಿರಲಿ. ಅಬ್ಬಾರ ಸಾಲ, ವಸಿಯ್ಯತ್ ತೀರಿದ ಮೇಲೆ ಉಳಿದುದರಲ್ಲಿ ಅಮ್ಮಿಗೆ ಎಂಟನೇ ಒಂದು ಭಾಗ. ಉಳಿದದ್ದು ಮಗನಿಗೆ ಎರಡು, ಮಗಳಿಗೆ ಒಂದರಂತೆ. ಮನೆಯನ್ನು 24 ಪಾಲು ಮಾಡಿದರೆ ಅಮ್ಮಿಗೆ 3, ತಮ್ಮನಿಗೆ 14, ನನಗೆ 7. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು 'ಅಕ್ಕಾ, ಇಲ್ಲೊಂದು ಸಹಿ' ಎನ್ನುತ್ತಾರೆ. ಅಕ್ಕ ತವರು ತಪ್ಪಿಹೋದೀತೆಂದು ಹೆದರಿ ಸಹಿ ಹಾಕುತ್ತಾಳೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸಿಲ್ಲ. ನನ್ನ ತಮ್ಮ ಅಂಥವನಲ್ಲ, ನನ್ನ ಪಾಲು ಕೊಡುತ್ತೇನೆಂದು ತಾನಾಗಿಯೇ ಹೇಳಿದ. 'ನನ್ನದಿರಲಿ, ಮೊದಲು ಅಮ್ಮಿಯನ್ನು ಕೇಳು' ಎಂದೆ.

ಅಮ್ಮಿ ಕೊತ್ತಂಬರಿ ಬಿಡಿಸುತ್ತಿದ್ದರು. ತಲೆಯೆತ್ತದೆ ದಖ್ಖನಿಯಲ್ಲಿ ಹೇಳಿದ್ದು ಇಷ್ಟೇ: 'ಈ ಮನೆ ಚೆನ್ನಾಗಿದೆ, ನೀನು ಕರೆದಾಗಲೆಲ್ಲ ಬರುತ್ತೇನೆ. ಆ ಮನೆಯಲ್ಲಿ ನನ್ನ ಮೂರು ಪಾಲು ಇದೆಯಲ್ಲ, ಅದನ್ನು ನಾನು ಮಾರುವುದಿಲ್ಲ.'

ತಮ್ಮ ಎರಡು ದಿನ ಮೌನವಾಗಿದ್ದ. ಮೂರನೆಯ ದಿನ ಮನೆ ಮಾಲೀಕರಿಗೆ ಫೋನು ಮಾಡಿ, ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಇರುತ್ತೇವೆ, ಬಾಡಿಗೆ ಏರಿಸುವಾಗ ನೋಡಿಕೊಳ್ಳಿ ಎಂದು ಕೇಳಿಕೊಂಡ.

ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದು ಅಮ್ಮಿ ನನ್ನ ಜೊತೆಗೇ ಹೊರಟರು. ತಮ್ಮ ಹೋಗುವ ಟಿಕೆಟ್ಟಿನೊಂದಿಗೆ ಅವರು ಮರಳಿ ಬರುವ ಟಿಕೆಟ್ಟನ್ನೂ ತೆಗೆಸಿದ್ದ. ಕೆಳಗಿನ ಮನೆಯವರು ಬರುವಾಗ ನಿಂಬೆಹಣ್ಣು ತರಲು ಒಂದು ಖಾಲಿ ಚೀಲ ಕೊಟ್ಟು ಕಳಿಸಿದರು.