ದಾದಿಮಾಗೆ ಕೇಳಿಸುವ ಡೈರಿ

ಕಳೆದ ದಸರಾ ರಜೆಯಲ್ಲಿ ಒಂದು ರಾತ್ರಿ ದಾದಿಮಾಗೆ ಬಿ.ಪಿ. ಮಾತ್ರೆ ಕೊಡುವುದನ್ನು ಮರೆತೆ. ಬೆಳಿಗ್ಗೆ ನೋಡಿದರೆ ತಲೆ ಸುತ್ತಿ ಬಚ್ಚಲುಮನೆ ಬಾಗಿಲಲ್ಲೇ ಕುಳಿತುಬಿಟ್ಟಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ನೆನಪು ಮಾಡಲು ಏನಾದರೂ ಕೊಡಿಸಿ ಎಂದು ಅಬ್ಬಾನನ್ನು ಕೇಳಿದೆ. ಫೋನ್ ಎಂದರೆ ರೀಲ್ಸ್ ಎಂದೇ ಅವರ ಲೆಕ್ಕ. ಡ್ರಾಯರಿನಿಂದ ತಮ್ಮ ಹಳೆಯ ಡಿಜಿಟಲ್ ಡೈರಿ ತೆಗೆದು ತೋರಿಸಿದರು. ಅಂಗೈಯಷ್ಟು ಅಗಲ, ಅಕ್ಕಿಕಾಳಿನಂಥ ಕೀಲಿಗಳು. ಒಮ್ಮೆ ಸೆಲ್ ಬದಲಿಸುವಾಗ ಅವಸರದಲ್ಲಿ ಎರಡೂ ಸೆಲ್ಲನ್ನು ಒಟ್ಟಿಗೆ ತೆಗೆದರಂತೆ. ಅಂಗಡಿ ಗಿರಾಕಿಗಳ ನಂಬರುಗಳೆಲ್ಲ ಅಳಿಸಿಹೋದವು. "ಏನಿಟ್ಟುಕೊಂಡರೂ ಕಾಗದದಲ್ಲಿ ಒಂದು ಪ್ರತಿ ಬರೆದಿಡು" ಎಂದರು.

ಎಸ್.ಪಿ. ರಸ್ತೆಯಲ್ಲಿ ಅಂಥದ್ದು ಕೇಳಿದರೆ ಅಂಗಡಿಯವರು ನಕ್ಕರು: "ಅದೆಲ್ಲ ನಿಮ್ಮಪ್ಪನ ಕಾಲದ್ದಮ್ಮ!" ಕೊನೆಗೆ ಚಾಚಾ ಬಿಟ್ಟಿದ್ದ ಹಳೆಯ ಫೋನೇ ಸಿಕ್ಕಿತು. ಸಿಮ್ ಹಾಕಲಿಲ್ಲ. ಬ್ಯಾಟರಿ ಒಂದು ದಿನ ನಿಲ್ಲುತ್ತದೆಯೇ, ಸ್ಪೀಕರ್ ಜೋರಾಗಿದೆಯೇ, ಇವೆರಡನ್ನೇ ನೋಡಿದ್ದು. ಗಡಿಯಾರ, ಕ್ಯಾಲೆಂಡರ್, ನೋಟ್ಸ್ ಮೊದಲೇ ಇದ್ದವು. ಮನೆಯ ವೈಫೈಯಲ್ಲಿ ಆಂಕಿಡ್ರಾಯ್ಡ್ ಒಂದನ್ನು ಇಳಿಸಿಕೊಂಡೆ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆದಿಟ್ಟರೆ, ನಾವು ತಪ್ಪಿದ್ದನ್ನು ಬೇಗ ಬೇಗ, ಬಂದಿದ್ದನ್ನು ತಡವಾಗಿ ಮತ್ತೆ ಕೇಳುತ್ತದೆ. ಇಂಟರ್ನೆಟ್ ಬೇಕಿಲ್ಲ. ಬಯಾಲಜಿಯ ಹೆಸರುಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಉಳಿದ ಆಪ್‌ಗಳನ್ನು ತೆಗೆದುಹಾಕಿದೆ. (ಒಂದು ಗೇಮ್ ಬಿಟ್ಟಿದ್ದೇನೆ, ಅಬ್ಬಾಗೆ ಹೇಳಬೇಡಿ.)

ಆದರೆ ದಾದಿಮಾಗೆ ಓದಲು ಬಾರದು. ಟ್ಯೂಷನ್‌ಗೆ ಹೋದ ಹೊತ್ತಿನಲ್ಲಿ ಅಲಾರಂ ಬಡಿದರೆ ಅವರಿಗೆ ಅದೊಂದು ಸದ್ದು, ಅಷ್ಟೇ. ಇದನ್ನು ನಮ್ಮ ಕಂಪ್ಯೂಟರ್ ಸರ್‌ಗೆ ಹೇಳಿದಾಗ ಅವರು ಸಿಂಪ್ಯೂಟರ್ ಕಥೆ ಹೇಳಿದರು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ಮಾದರಿ ತೋರಿಸಿದ ಕೈಕಂಪ್ಯೂಟರ್ ಅದು. 2004ರಲ್ಲಿ ಬಿ.ಇ.ಎಲ್. ಜೊತೆಗೂಡಿ 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಓದು ಬಾರದವರಿಗೂ ಬಳಸಲು ಬರಬೇಕೆಂದು, ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೂ ಅದಕ್ಕಾಗಿ ಮಾಡಿದ್ದರು. ಎಣಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲ್ ಬಂದು ಎಲ್ಲವನ್ನೂ ನುಂಗಿತು. ನಮ್ಮ ಊರಿನಲ್ಲೇ ಯಾರೋ ದಾದಿಮಾನಂಥವರನ್ನು ನೆನೆದು ಯಂತ್ರ ಮಾಡಿದ್ದರಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮನೆಗೆ ಬಂದು ನನ್ನ ದನಿಯನ್ನೇ ರೆಕಾರ್ಡ್ ಮಾಡಿ ಅಲಾರಂಗೆ ಹಾಕಿದೆ: "ದಾದಿಮಾ, ಗುಲಾಬಿ ಗೋಲಿ!" ರಂಜಾನಿನಲ್ಲಿ ಡಾಕ್ಟರು ಮಾತ್ರೆಗಳನ್ನು ಸಹರಿ, ಇಫ್ತಾರಿನ ಹೊತ್ತಿಗೆ ಬದಲಿಸಿದಾಗ ಸಮಯ ತಿದ್ದಿದೆ. ಸಂಜೆ ನಮ್ಮ ರಸ್ತೆಯ ಗದ್ದಲದಲ್ಲಿ ಕೇಳಿಸದೆಂದು ಫೋನನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿದೆ. ದನಿ ಇನ್ನೂ ಜೋರಾಯಿತು.

ಈಗ ಅದು ಕೂಗಿದರೆ ದಾದಿಮಾ "ಹಾಂ ಬೇಟಿ, ನುಂಗಿದೆ" ಎಂದು ಫೋನಿಗೇ ಉತ್ತರ ಕೊಡುತ್ತಾರೆ. ಆದರೂ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಅಬ್ಬಾ ಅಂಟಿಸಿರುವ ಚೀಟಿಯಲ್ಲಿ ನಾನು ದಿನವೂ ಟಿಕ್ ಹಾಕುತ್ತೇನೆ.